ಆಲ್ಡಿಹೈಡ್, ಕೀಟೋನ್: ನಡುವೆ ಒಂದು ಹೈಡ್ರೋಜನ್

ಹನ್ನೆರಡನೇ ತರಗತಿಯಲ್ಲಿ ಓದುತ್ತಿರುವ ಮಕ್ಕಳೇ, ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದ ಪಾಠವೊಂದನ್ನು ಇವತ್ತು ಮನೆಮಾತಿನಲ್ಲಿ ಕೇಳಿ ನೋಡಿ. ದೊಡ್ಡವರೂ ರೇಡಿಯೋ ಆರಿಸಬೇಡಿ, ನಿಮಗೂ ಇದರಲ್ಲಿ ವಿಷಯವಿದೆ.

ಅಡುಗೆಮನೆಯಿಂದ ಒಂದು ತುಂಡು ಚಕ್ಕೆ ತಂದು ಮೂಸಿ. ಆ ಪರಿಮಳ ಮುಖ್ಯವಾಗಿ ಸಿನಮಾಲ್ಡಿಹೈಡ್ ಎಂಬ ಆಲ್ಡಿಹೈಡಿನದು. ಉಗುರಿನ ಬಣ್ಣ ತೆಗೆಯಲು ಬಳಸುವ ಅಸಿಟೋನ್ ಒಂದು ಕೀಟೋನ್. ಎರಡರಲ್ಲೂ ಇರುವುದು ಒಂದೇ ಕಾರ್ಬೊನಿಲ್ ಗುಂಪು. ಅಂದರೆ ಇಂಗಾಲ, ಆಮ್ಲಜನಕ, ಅವುಗಳ ನಡುವೆ ದ್ವಿಬಂಧ.

ಹಾಗಾದರೆ ವ್ಯತ್ಯಾಸವೆಲ್ಲಿ? ಆ ಇಂಗಾಲಕ್ಕೆ ಇನ್ನೂ ಎರಡು ಕೈಗಳಿವೆ. ಕೀಟೋನಿನಲ್ಲಿ ಎರಡೂ ಕೈಗಳು ಬೇರೆ ಇಂಗಾಲಗಳನ್ನು ಹಿಡಿದಿರುತ್ತವೆ. ಆಲ್ಡಿಹೈಡಿನಲ್ಲಿ ಒಂದು ಕೈಯಲ್ಲಾದರೂ ಹೈಡ್ರೋಜನ್ ಇರುತ್ತದೆ. ಈ ಹೈಡ್ರೋಜನ್ ಇರುವುದರಿಂದಲೇ ಆಲ್ಡಿಹೈಡ್ ಸುಲಭವಾಗಿ ಉತ್ಕರ್ಷಣಗೊಂಡು ಆಮ್ಲವಾಗುತ್ತದೆ. ಕೀಟೋನ್ ಆಮ್ಲವಾಗಬೇಕಾದರೆ ಇಂಗಾಲ-ಇಂಗಾಲದ ಬಂಧವೇ ಮುರಿಯಬೇಕು. ಅದು ಅಷ್ಟು ಸುಲಭವಲ್ಲ.

ಟಾಲೆನ್ಸ್ ಪರೀಕ್ಷೆಯ ಗುಟ್ಟೂ ಇದೇ. ಸಿಲ್ವರ್ ನೈಟ್ರೇಟ್ ಮತ್ತು ಅಮೋನಿಯಾದಿಂದ ಮಾಡಿದ ದ್ರಾವಣಕ್ಕೆ ಆಲ್ಡಿಹೈಡ್ ಹಾಕಿ ಬೆಚ್ಚಗೆ ಮಾಡಿದರೆ, ಪ್ರನಾಳದ ಒಳಮೈಯಲ್ಲಿ ಬೆಳ್ಳಿ ಕನ್ನಡಿಯಂತೆ ಕೂರುತ್ತದೆ. ಅಸಿಟೋನ್ ಹಾಕಿದರೆ ಕನ್ನಡಿ ಮೂಡುವುದಿಲ್ಲ.

ಮಕ್ಕಳು ಎಡವುವ ಎರಡು ಜಾಗ ಹೇಳುತ್ತೇನೆ. ಬೆಂಜಾಲ್ಡಿಹೈಡ್ ಟಾಲೆನ್ಸ್ ಪರೀಕ್ಷೆಗೆ ಒಗ್ಗುತ್ತದೆ, ಫೆಹ್ಲಿಂಗ್ ದ್ರಾವಣಕ್ಕೆ ಒಗ್ಗುವುದಿಲ್ಲ. ಇನ್ನು ಅಯೋಡೋಫಾರ್ಮ್ ಪರೀಕ್ಷೆ ಕೀಟೋನ್‌ಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಕಾರ್ಬೊನಿಲ್ ಗುಂಪಿಗೆ ಮಿಥೈಲ್ ಅಂಟಿಕೊಂಡಿದ್ದರೆ ಸಾಕು. ಹಾಗಾಗಿ ಅಸಿಟಾಲ್ಡಿಹೈಡ್ ಕೂಡ ಹಳದಿ ಗಷ್ಟು ಕೊಡುತ್ತದೆ.

ಈ ರಸಾಯನ ಪ್ರಯೋಗಾಲಯದಲ್ಲಷ್ಟೇ ನಡೆಯುವುದಲ್ಲ. 2015ರ ಜೂನ್‌ನಲ್ಲಿ ಮುಂಬಯಿಯ ಮಾಲ್ವಣಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಇದ್ದದ್ದು ಮೆಥನಾಲ್. ಮೆಥನಾಲನ್ನು ನಮ್ಮ ಯಕೃತ್ತು ಮೊದಲು ಫಾರ್ಮಾಲ್ಡಿಹೈಡ್ ಮಾಡುತ್ತದೆ. ಈ ಆಲ್ಡಿಹೈಡಿನ ಎರಡೂ ಕೈಯಲ್ಲಿ ಹೈಡ್ರೋಜನ್! ಅದು ಕ್ಷಣದಲ್ಲಿ ಫಾರ್ಮಿಕ್ ಆಮ್ಲವಾಗುತ್ತದೆ. ಕಣ್ಣಿನ ನರವನ್ನು ಹಾಳುಮಾಡುವುದು, ಜೀವಕ್ಕೆ ಎರವಾಗುವುದು ಮುಖ್ಯವಾಗಿ ಈ ಆಮ್ಲವೇ. ಕುಡಿದ ಕೂಡಲೇ ಏನೂ ಆಗಲಿಲ್ಲವೆಂದು ಮನುಷ್ಯ ಮಲಗಿಬಿಡುತ್ತಾನೆ. ಆಮ್ಲ ಒಳಗೊಳಗೇ ಸೇರುತ್ತಾ ಹೋಗುತ್ತದೆ, ಗಂಟೆಗಳ ನಂತರ ಕಣ್ಣು ಮಂಜಾಗುತ್ತದೆ.

ಇದಕ್ಕೆ ಕೊಡುವ ಫೋಮೆಪಿಜೋಲ್ ಎಂಬ ಔಷಧಿ ಮೆಥನಾಲ್ ಆಲ್ಡಿಹೈಡ್ ಆಗುವ ಮೊದಲ ಹೆಜ್ಜೆಯನ್ನೇ ತಡೆಯುತ್ತದೆ. ಆದ್ದರಿಂದಲೇ ಅಂಥವರನ್ನು "ಬೆಳಗ್ಗೆ ನೋಡೋಣ" ಎಂದು ಬಿಡದೆ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಪಾಠ ಓದಿದ ನೀವು ಮನೆಯವರಿಗೆ, ನೆರೆಯವರಿಗೆ ಇದನ್ನು ಹೇಳಬಲ್ಲಿರಿ.

ಕೊನೆಗೊಂದು ಮನೆಗೆಲಸ. ಪ್ರೊಪನ್ಯಾಲ್, ಪ್ರೊಪನೋನ್ ಎರಡಕ್ಕೂ ಅಣುಸೂತ್ರ ಒಂದೇ: ಮೂರು ಇಂಗಾಲ, ಆರು ಹೈಡ್ರೋಜನ್, ಒಂದು ಆಮ್ಲಜನಕ. ಮೊದಲನೆಯದು ಆಲ್ಡಿಹೈಡ್, ಎರಡನೆಯದು ಕೀಟೋನ್. ಎರಡರ ರಚನೆಯನ್ನೂ ಬರೆದು, ಯಾವುದು ಕನ್ನಡಿ ಕೊಡುತ್ತದೆ, ಯಾವುದು ಹಳದಿ ಗಷ್ಟು ಕೊಡುತ್ತದೆ ಎಂದು ನೀವೇ ಹೇಳಿ. ಬಾಯಿಪಾಠ ಮಾಡಬೇಡಿ, ಆ ಹೈಡ್ರೋಜನ್ ಎಲ್ಲಿದೆ ಎಂದು ನೋಡಿ. ಪರೀಕ್ಷೆಗೆ ಶುಭವಾಗಲಿ.