ನೂಲಿನಲ್ಲಿ ಅರಳಿದ ಬಂದಳಿಕೆ



ಶಿಕಾರಿಪುರದ ಸೀಮೆಯ ಬಂದಳಿಕೆಯು ಪೂರ್ವದಲ್ಲಿ ನಾಗರಖಂಡ 70ರ ಮುಖ್ಯಪಟ್ಟಣ. 10ನೆಯ ಶತಮಾನದಲ್ಲಿ ಜಕ್ಕಿಯಬ್ಬೆಯೆಂಬ ಸ್ತ್ರೀ ಆ ನಾಡಿನ ಆಡಳಿತ ನಡೆಸಿದುದನ್ನು ಅಲ್ಲಿಯ ಶಾಸನ ಹೇಳುತ್ತದೆ. ಅದೇ ಹೆಸರಿನ ಗಿಡವೊಂದುಂಟು. ಅದು ನಮ್ಮ ಹಿತ್ತಿಲ ಮಾವಿನ ಮೇಲೆ ಬೇರೂರಿ ಅದರ ನೀರನ್ನು ಹೀರುತ್ತಿತ್ತು. ಕಡಿಯಬೇಕೆಂದು ತೋಟಗಾರ ಹೇಳಿದನು, ನ್ಯಾಯವೇ. ಆದರೆ ಕೊಂಬೆ ಬೀಳುವ ಮುನ್ನ ಆ ಹೂವನ್ನು ಕ್ರೋಷಾ ಕಡ್ಡಿಯಿಂದ ಹೆಣೆದಿಡಬೇಕೆಂದು ನಮಗೆ ಆಸೆಯಾಯಿತು.

ಮಾದರಿ ಪುಸ್ತಕಗಳಲ್ಲಿ ಗುಲಾಬಿಯುಂಟು, ಬಂದಳಿಕೆಯಿಲ್ಲ. ಆದುದರಿಂದ ಹೂವನ್ನೇ ಬಿಡಿಸಿ ನೋಡಿದೆವು: ನಸುಬಾಗಿದ ಕಿತ್ತಳೆ ಬಣ್ಣದ ನಾಳ, ಬಾಯಲ್ಲಿ ಹಿಂದಕ್ಕೆ ಮಡಿದ ಹಸುರು ಛಾಯೆಯ ಐದು ಸೀಳು, ಐದು ಕೇಸರ. ಸುತ್ತುಸುತ್ತಿಗೂ ಹೆಣಿಗೆಯ ಕಣ್ಣುಗಳನ್ನು ಹದವಾಗಿ ಹೆಚ್ಚಿಸಿದರೆ ನೂಲು ತಟ್ಟೆಯಂತೆ ಹರಡುತ್ತದೆ, ಮಿತಿಮೀರಿದರೆ ನಿರಿಗೆ ಕಟ್ಟುತ್ತದೆ, ಹೆಚ್ಚಿಸದಿದ್ದರೆ ಕೊಳವೆಯಾಗುತ್ತದೆ. ದಾಸವಾಳದ ಅಂಚಿಗೆ ನಿರಿಗೆ ಬೇಕು, ಇದಕ್ಕೆ ಕೊಳವೆಯೇ ಸರಿ. ಆದರೆ ನಮ್ಮ ಮೊದಲ ನಾಳವು ಒಲೆಯ ಊದುಗೊಳವೆಯಂತೆ ನೆಟ್ಟಗೆ ನಿಂತಿತು! ಬಳಿಕ ಒಂದು ಮಗ್ಗುಲಿಗೆ ಗಿಡ್ಡ ಹೆಣಿಗೆ, ಎದುರು ಮಗ್ಗುಲಿಗೆ ಉದ್ದ ಹೆಣಿಗೆ ಹಾಕಿದಾಗ ತಾನಾಗಿ ಬಾಗಿತು.

ಸೊರಬದ ಗುಡಿಗಾರರು ಗಂಧದ ಮರದಲ್ಲಿ ಬಳ್ಳಿ ಕೆತ್ತುವಾಗ ಉಳಿ ತಪ್ಪಿದರೆ ಹೋದ ಮರ ಮರಳದು. ನೂಲನ್ನು ಬಿಚ್ಚಬಹುದು, ನಾವು ಮೂರು ಸಲ ಬಿಚ್ಚಿದೆವು.

ಕೊಂಬೆಯನ್ನು ಕಡಿದಾಯಿತು. ಸೂರಕ್ಕಿಯೊಂದು ಎರಡು ದಿನ ಬಂದು ಮಾವಿನಲ್ಲಿ ಹುಡುಕಾಡಿತು. ನಾವು ಕಿಟಕಿಗೆ ತೂಗಿದ ಹೂವಿನ ಕಡೆ ತಿರುಗಿಯೂ ನೋಡಲಿಲ್ಲ.