ರೈಲು ಬರಲಿ, ನಮ್ಮನ್ನು ಕೇಳಿ ಬರಲಿ

(ಶತಮಾನೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ಒಂದು ಸಮುದಾಯವು ನೂರು ವರ್ಷ ಒಂದೇ ನೆಲದಲ್ಲಿ ನೆಲೆನಿಂತಿದೆಯೆಂದರೆ ಅದು ಸಾಮಾನ್ಯ ಸಂಗತಿಯಲ್ಲ. ನಮ್ಮ ಸುತ್ತಲಿನ ಎಷ್ಟೋ ಊರುಗಳಿಗೆ ಆ ಭಾಗ್ಯ ದೊರೆಯಲಿಲ್ಲ. ಅವು ಇಂದು ನೀರಿನಡಿಯಲ್ಲಿವೆ. ಆದ್ದರಿಂದ ಈ ಸಂಭ್ರಮದ ದಿನ, ಸಾರ್ವಜನಿಕ ಉದ್ದೇಶಕ್ಕೆಂದು, ಅದರಲ್ಲಿಯೂ ರೈಲುಮಾರ್ಗದ ವಿಸ್ತರಣೆಗೆಂದು, ಸರ್ಕಾರವು ಜನರ ಭೂಮಿಯನ್ನು ಕೇಳಿದಾಗ ಸಮುದಾಯದ ಕರ್ತವ್ಯವೇನು ಎಂಬ ವಿಚಾರವನ್ನು ತಮ್ಮ ಮುಂದಿಡಬಯಸುತ್ತೇನೆ.

ಮೊದಲಿಗೇ ಒಂದು ಮಾತು ಸ್ಪಷ್ಟವಾಗಿರಲಿ. ಮಲೆನಾಡಿಗರು ರೈಲಿನ ವೈರಿಗಳಲ್ಲ. ಶಿವಮೊಗ್ಗದಿಂದ ತಾಳಗುಪ್ಪದವರೆಗಿನ ಮೀಟರ್ ಗೇಜ್ ಹಳಿಯ ಮೇಲೆ ರೈಲ್‌ಬಸ್ಸೊಂದು ತೆವಳುತ್ತಿದ್ದ ಕಾಲವನ್ನು ಇಲ್ಲಿರುವ ಹಿರಿಯರು ಬಲ್ಲರು. 2011ರಲ್ಲಿ ತಾಳಗುಪ್ಪಕ್ಕೆ ಬ್ರಾಡ್ ಗೇಜ್ ತಲುಪಿದಾಗ ಈ ಸೀಮೆಯೆಲ್ಲ ಸಂತೋಷಪಟ್ಟಿತು. ತೀರ್ಥಹಳ್ಳಿಗಾದರೋ ಇಂದಿಗೂ ರೈಲಿಲ್ಲ. ತಾಳಗುಪ್ಪದಿಂದ ಹೊನ್ನಾವರಕ್ಕೆ ಘಟ್ಟವಿಳಿಯುವ ಮಾರ್ಗದ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಮಾತು ಎಂದಾದರೊಂದು ದಿನ ನಕ್ಷೆಯಾಗಬಹುದು, ನಕ್ಷೆ ಅಧಿಸೂಚನೆಯಾಗಬಹುದು. ಆ ದಿನ ಬರುವ ಮೊದಲೇ ನಾವು ಯೋಚಿಸಬೇಕು. ಏಕೆಂದರೆ, ತಡವಾಗಿ ಯೋಚಿಸಿದರೆ ಏನಾಗುತ್ತದೆಂಬುದನ್ನು ಶರಾವತಿ ನಮಗೆ ತೋರಿಸಿಕೊಟ್ಟಿದ್ದಾಳೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. 1,819 ಅಡಿಯ ಮಟ್ಟದವರೆಗೆ ನೀರು ನಿಲ್ಲಿಸಲಾಯಿತು. ಸುಮಾರು 151 ಟಿ.ಎಂ.ಸಿ. ನೀರು ಸಾಗರ, ಹೊಸನಗರ ತಾಲ್ಲೂಕುಗಳ ಕಣಿವೆಗಳನ್ನು ತುಂಬಿತು. ತರುವಾಯ ಚಕ್ರಾ, ಸಾವೇಹಕ್ಲು, ವಾರಾಹಿ ಯೋಜನೆಗಳು ಬಂದವು. ನಾಡಿಗೆ ಬೆಳಕು ಬಂದಿತು; ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ನಮ್ಮ ನೆಲವೇ ಉದಾಹರಣೆಯಾಯಿತು. ಆ ಕಾಲದಲ್ಲಿ ಜಾರಿಯಲ್ಲಿದ್ದುದು ಬ್ರಿಟಿಷರು 1894ರಲ್ಲಿ ಮಾಡಿದ್ದ ಭೂಸ್ವಾಧೀನ ಕಾಯಿದೆ. ಅದರಲ್ಲಿ ಭೂಮಿಗೆ ಬೆಲೆಯಿತ್ತು, ಪುನರ್ವಸತಿಯ ಹಕ್ಕಿರಲಿಲ್ಲ. ಮುಳುಗಡೆಯ ಕುಟುಂಬಗಳನ್ನು ಕಾಡಿನ ಅಂಚುಗಳಿಗೆ ಒಯ್ದು ಇಳಿಸಲಾಯಿತು. ಅವರಲ್ಲಿ ಅನೇಕರು ತಾವು ಉಳುವ ಭೂಮಿಯ ಹಕ್ಕುಪತ್ರಕ್ಕಾಗಿ ಎರಡು ಮೂರು ತಲೆಮಾರು ಅಲೆದರು. ಅವರಿಗೆಂದು ಅರಣ್ಯಭೂಮಿಯನ್ನು ಬಿಡುಗಡೆ ಮಾಡಿದ್ದ ರಾಜ್ಯ ಸರ್ಕಾರದ ಆದೇಶಗಳೂ, ಕೇಂದ್ರದ ಅನುಮತಿಯಿಲ್ಲವೆಂಬ ಕಾರಣದಿಂದ, 2021ರ ಉಚ್ಚ ನ್ಯಾಯಾಲಯದ ತೀರ್ಪಿನ ಬಳಿಕ ರದ್ದಾದವು. ಹಿನ್ನೀರಿನಾಚೆ ಉಳಿದ ತುಮರಿ ಭಾಗದವರು ದಶಕಗಳ ಕಾಲ ಲಾಂಚನ್ನೇ ನಂಬಿ ಬದುಕಿದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದುದು 2025ರ ಜುಲೈಯಲ್ಲಿ.

ಈ ಕಥೆಯಲ್ಲಿ ರೈಲಿಗೂ ಅನ್ವಯಿಸುವ ಪಾಠವೊಂದಿದೆ. ಭೂಸ್ವಾಧೀನದ ಕಡತವು ಭೂಮಿಯನ್ನು ಸರ್ವೆ ನಂಬರಿನಲ್ಲಿ, ಎಕರೆ ಗುಂಟೆಗಳಲ್ಲಿ ಕಾಣುತ್ತದೆ. ಮಲೆನಾಡಿನ ಬದುಕು ಹಾಗಿಲ್ಲ. ಕಣಿವೆಯಲ್ಲಿ ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ನಡುವೆ ಹರಿಯುವ ಹಳ್ಳ, ಕೆಳಗೆ ಗದ್ದೆ. ಇವೆಲ್ಲ ಸೇರಿಯೇ ಒಂದು ಜಮೀನು. ಬೆಟ್ಟದ ಸೊಪ್ಪಿಲ್ಲದೆ ತೋಟಕ್ಕೆ ಗೊಬ್ಬರವಿಲ್ಲ. ಹಳ್ಳ ತಿರುಗಿದರೆ ತೋಟವೇ ಇಲ್ಲ. ರೈಲು ಕೇಳುವುದು ಉದ್ದವಾದ ಕಿರಿದಾದ ಪಟ್ಟಿಯೊಂದನ್ನು ಮಾತ್ರ. ಆದರೆ ಆ ಪಟ್ಟಿಯ ಮೇಲೆ ಎತ್ತರದ ಮಣ್ಣಿನ ಏರಿ ಎದ್ದಾಗ ತೋಟ ಒಂದು ಕಡೆ, ಬೆಟ್ಟ ಇನ್ನೊಂದು ಕಡೆ ಉಳಿಯಬಹುದು. ಹತ್ತು ಗುಂಟೆಗೆ ಪರಿಹಾರ ಬಂದು, ಎರಡು ಎಕರೆ ತೋಟ ಒಣಗಬಹುದು.

ಇದು ಬರಿಯ ಕಲ್ಪನೆಯೆಂದು ಯಾರಾದರೂ ಹೇಳಿಯಾರು. ನಮ್ಮ ಶರಾವತಿ ಕಡಲು ಸೇರುವ ಹೊನ್ನಾವರದಲ್ಲಿ 2 ಕಿಲೋಮೀಟರಿಗೂ ಉದ್ದವಾದ ಸೇತುವೆಯ ಮೇಲೆ ಹಾದುಹೋಗುವ ಕೊಂಕಣ ರೈಲನ್ನು ನೆನೆಯೋಣ. 1990ರಲ್ಲಿ ನಿಗಮ ಸ್ಥಾಪನೆಯಾಗಿ, 1998ರಲ್ಲಿ ಇಡೀ ಮಾರ್ಗ ಸಂಚಾರಕ್ಕೆ ತೆರೆಯಿತು. ಇದೇ ಮಾರ್ಗ ಗೋವೆಯನ್ನು ಪ್ರವೇಶಿಸಿದಾಗ ಅಲ್ಲಿನ ಕರಾವಳಿ ಗ್ರಾಮಗಳ ಜನರು, ಅವರಲ್ಲಿ ಬಹುಮಂದಿ ನಮ್ಮ ಕಥೋಲಿಕ ಬಾಂಧವರು, ಮಾರ್ಗವನ್ನು ಪೂರ್ವದ ಒಳನಾಡಿಗೆ ಬದಲಿಸಬೇಕೆಂದು ಹೋರಾಡಿದರು. ಅವರು ಹೇಳಿದ್ದೂ ಇದನ್ನೇ. ಕಡಲ ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದು ಹಿರಿಯರು ಮಾಡಿದ್ದ ಖಾಜಾನ್ ಗದ್ದೆಗಳಲ್ಲಿ ರೈಲಿನ ಏರಿ ಎದ್ದರೆ ನೀರಿನ ದಾರಿ ಕಟ್ಟುತ್ತದೆ ಎಂದರು. 1993ರಲ್ಲಿ ಕೆಲಸ ಕೆಲಕಾಲ ನಿಂತಿತು, ಆಯೋಗ ವಿಚಾರಣೆ ನಡೆಸಿತು. ಕೊನೆಗೆ ಮಾರ್ಗ ಬಹುಮಟ್ಟಿಗೆ ಮೊದಲಿನ ನಕ್ಷೆಯಂತೆಯೇ ಸಾಗಿತು. ಅವರು ಎದ್ದಾಗ ನಕ್ಷೆ ಆಗಲೇ ಸಿದ್ಧವಾಗಿತ್ತೆಂಬುದನ್ನು ಗಮನಿಸಬೇಕು.

ಆದರೂ ಆ ಹೋರಾಟದ ನೆನಪು ವ್ಯರ್ಥವಾಗಲಿಲ್ಲ. ಮರ್ಮಗೋವಾ ಬಂದರಿನಿಂದ ನಮ್ಮ ರಾಜ್ಯದ ಉಕ್ಕಿನ ಕಾರ್ಖಾನೆಗಳಿಗೆ ಕಲ್ಲಿದ್ದಲು ಸಾಗುವ ಮಾರ್ಗವನ್ನು ಜೋಡಿಹಳಿ ಮಾಡಹೊರಟಾಗ, 2020ರ ನವೆಂಬರ್ 1ರ ರಾತ್ರಿ ಚಾಂದೋರ್ ಗ್ರಾಮದಲ್ಲಿ ಸಾವಿರಾರು ಜನರು ಹಳಿಯ ಬಳಿ ಬೆಳಗಿನವರೆಗೆ ಕುಳಿತರು. 2022ರ ಮೇ 9ರಂದು ಸರ್ವೋಚ್ಚ ನ್ಯಾಯಾಲಯವು, ನಮ್ಮ ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಳೆಂವರೆಗಿನ ಘಟ್ಟದ ಭಾಗದ ಜೋಡಿಹಳಿಗೆ ವನ್ಯಜೀವಿ ಮಂಡಳಿ ನೀಡಿದ್ದ ಅನುಮೋದನೆಯನ್ನು ರದ್ದುಗೊಳಿಸಿತು. ಬೀದಿಯಲ್ಲಿ ಕುಳಿತವರೊಂದಿಗೆ ಕಾಗದಪತ್ರಗಳನ್ನು ಓದಿದವರೂ ಇದ್ದುದರಿಂದ ಇದು ಸಾಧ್ಯವಾಯಿತು.

ಆ ಕಾಗದಪತ್ರಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2013ರ ಹೊಸ ಭೂಸ್ವಾಧೀನ ಕಾಯಿದೆ ಬಂದಿದೆ, ಇನ್ನು ಭಯವಿಲ್ಲ ಎಂದು ಹಲವರು ನಂಬಿದ್ದಾರೆ. ರೈಲ್ವೆಗೆ ಪ್ರತ್ಯೇಕ ದಾರಿಯಿದೆ. 2008ರ ತಿದ್ದುಪಡಿಯ ಮೂಲಕ ರೈಲ್ವೆ ಕಾಯಿದೆಯಲ್ಲಿಯೇ ‘ವಿಶೇಷ ರೈಲ್ವೆ ಯೋಜನೆ’ಗಳಿಗೆ ಭೂಮಿ ಪಡೆಯುವ ಅಧಿಕಾರ ಸೇರಿದೆ. ಹೊಸ ಕಾಯಿದೆಯ ಪರಿಹಾರ, ಪುನರ್ವಸತಿಗಳು 2015ರಿಂದ ಅದಕ್ಕೂ ಅನ್ವಯಿಸುತ್ತವೆ. ಆದರೆ ಊರಿನ ಮೇಲಾಗುವ ಪರಿಣಾಮವನ್ನು ಮುಂಚಿತವಾಗಿ ಅಳೆಯುವ ಸಾಮಾಜಿಕ ಅಧ್ಯಯನ ಅನ್ವಯಿಸುವುದಿಲ್ಲ. ಅಧಿಸೂಚನೆ ಪ್ರಕಟವಾದ 30 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು. ತರುವಾಯ ಅಂತಿಮ ಘೋಷಣೆ ಹೊರಟೊಡನೆ ಭೂಮಿ ಕೇಂದ್ರ ಸರ್ಕಾರಕ್ಕೆ ಸೇರಿಹೋಗುತ್ತದೆ. ಪತ್ರಿಕೆಯ ಮೂಲೆಯೊಂದರಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಪ್ರಕಟಣೆಯನ್ನು ಮಳೆಗಾಲದಲ್ಲಿ ಯಾರು ಓದುತ್ತಾರೆ? ಆ ಮೂವತ್ತು ದಿನಗಳೇ ಊರಿನ ಅಳಿವು ಉಳಿವು.

ಇನ್ನು, ಪಹಣಿಯಲ್ಲಿ ಹೆಸರಿಲ್ಲದವರ ಮಾತು. ನಮ್ಮ ಧರ್ಮಕೇಂದ್ರದಲ್ಲಿಯೂ ಅನ್ಯರ ತೋಟದಲ್ಲಿ ದುಡಿದು ಬಾಳುವ ಕುಟುಂಬಗಳಿವೆ. ತೋಟ ಹೋದರೆ ಒಡೆಯನಿಗೆ ಹಣ ಬರುತ್ತದೆ, ಕೂಲಿಯವನಿಗೆ? ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಆ ಭೂಮಿಯನ್ನೇ ಅವಲಂಬಿಸಿದ್ದ ಕೃಷಿಕಾರ್ಮಿಕನ ಕುಟುಂಬವೂ ಬಾಧಿತ ಕುಟುಂಬವೇ ಎಂದು 2013ರ ಕಾಯಿದೆ ಹೇಳುತ್ತದೆ. ಆದರೆ ಅದನ್ನು ಅವನಿಗೆ ತಿಳಿಸುವವರಾರು, ಅವನ ಪರವಾಗಿ ಅರ್ಜಿ ಬರೆಯುವವರಾರು?

ಪವಿತ್ರ ಗ್ರಂಥದ ನಾಬೋತನನ್ನು ತಾವೆಲ್ಲರೂ ಬಲ್ಲಿರಿ. ಅರಸ ಅಹಾಬನು ಅವನ ದ್ರಾಕ್ಷಿತೋಟವನ್ನು ಬಿಟ್ಟಿಯಾಗಿ ಕೇಳಲಿಲ್ಲ. ಇದಕ್ಕಿಂತ ಒಳ್ಳೆಯ ತೋಟ ಕೊಡುವೆನೆಂದ, ಬೇಕಾದರೆ ಹಣ ಕೊಡುವೆನೆಂದ. ಪಿತ್ರಾರ್ಜಿತವನ್ನು ಕೊಡಲಾರೆನೆಂದು ನಾಬೋತನು ಹೇಳಿದನು. ಬೆಲೆ ಸರಿಯಾಗಿರಬಹುದು, ‘ಕೊಡಲಾರೆ’ ಎಂಬ ಮಾತಿಗೆ ಸ್ಥಳವಿರದಿದ್ದುದೇ ಅಲ್ಲಿನ ಅನ್ಯಾಯ. ನಾಬೋತನು ಒಂಟಿಯಾಗಿದ್ದನೆಂಬುದನ್ನೂ ಮರೆಯಬಾರದು. ಅವನ ಊರಿನ ಹಿರಿಯರೇ ಅವನ ವಿರುದ್ಧ ನಿಂತರು.

ಆದ್ದರಿಂದ ನನ್ನ ಬಿನ್ನಹವಿಷ್ಟೇ. ಪ್ರತಿ ಕುಟುಂಬವೂ ತನ್ನ ಪಹಣಿ, ಹಕ್ಕುಪತ್ರ, ಪೋಡಿಗಳನ್ನು ಈಗಲೇ ಸರಿಪಡಿಸಿಕೊಳ್ಳಲಿ. ಕಾನೂನು ಬಲ್ಲ ನಾಲ್ವರು ತರುಣರು ಅಧಿಸೂಚನೆಗಳ ಮೇಲೆ ಕಣ್ಣಿಡಲಿ. ಹಳ್ಳ, ಬೆಟ್ಟ, ಬಾವಿ, ಸ್ಮಶಾನ, ಕಾಲುದಾರಿಗಳನ್ನು ಗುರುತಿಸಿ ನಮ್ಮದೇ ನಕ್ಷೆಯೊಂದನ್ನು ಸಿದ್ಧಪಡಿಸೋಣ. ಈ ಕಾರ್ಯದಲ್ಲಿ ಹಿಂದೂ, ಮುಸ್ಲಿಂ ನೆರೆಯವರೊಡನೆ ಒಂದಾಗಿ ನಿಲ್ಲೋಣ; ಹಳ್ಳದ ನೀರಿಗೆ ಜಾತಿ ಮತಗಳಿಲ್ಲ. ರೈಲು ಬರುವುದಾದರೆ ಯಾವ ಬದಿಯಿಂದ ಬಂದರೆ ಕಡಿಮೆ ಮನೆಗಳು ಹೋಗುತ್ತವೆ, ಎಲ್ಲಿ ಏರಿಯ ಬದಲು ಸೇತುವೆ ಬೇಕು ಎಂಬುದನ್ನು ನಾವೇ ಮೊದಲು ಬರೆದುಕೊಡೋಣ. ಅದನ್ನು ಓದಿಯೂ ಕಿವಿಗೊಡದಿದ್ದರೆ, ಆಗ ವಿರೋಧಿಸುವ ಹಕ್ಕು ನಮಗೆ ಪೂರ್ಣವಾಗಿ ಇರುತ್ತದೆ.