ಹುಳುವೇಳುವ ಹೊತ್ತು

(ಸಂಘದ ಮಾಸಿಕ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ವೇದಿಕೆಯ ಮೇಲೆ ಸಾಹಿತ್ಯ, ಸಂಗೀತ, ನಾಡಿನ ಇತಿಹಾಸ ಇವುಗಳನ್ನು ಕುರಿತು ಮಾತು ನಡೆಯುವುದು ವಾಡಿಕೆ. ಈ ಸಲ ಕಾರ್ಯದರ್ಶಿಗಳು, “ನಿಮಗೆ ಚೆನ್ನಾಗಿ ಗೊತ್ತಿರುವ ಯಾವುದಾದರೊಂದು ವಿಷಯ ಹೇಳಿ, ಸಾಕು” ಎಂದು ಅಪ್ಪಣೆ ಕೊಟ್ಟರು. ಉದ್ಯೋಗನಿಮಿತ್ತ ಕೆಲವು ವರ್ಷ ಕುಲ್ಲು ಕಣಿವೆಯಲ್ಲಿದ್ದವನು ನಾನು. ಅಲ್ಲಿ ನನಗೆ ಹತ್ತಿದ ಗೀಳು, ಟ್ರೌಟ್ ಮೀನಿಗೆ ಹುಸಿಹುಳುವಿನ ಗಾಳ ಹಾಕುವುದು. ಈ ಸಭೆಯಲ್ಲಿ ಮೀನಿನ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುವವರಿದ್ದಾರೆ. ಮಂಗಳೂರಿನ ಬಂಗುಡೆಯನ್ನು ನೆನೆದು ನಿಟ್ಟುಸಿರು ಬಿಡುವವರೂ ಇದ್ದಾರೆ. ಇಬ್ಬರೂ ನಿಶ್ಚಿಂತೆಯಿಂದ ಕೇಳಬಹುದು. ನನ್ನ ವಿಷಯ ಮೀನನ್ನು ತಿನ್ನುವುದಲ್ಲ. ಮೀನು ಏನನ್ನು ತಿನ್ನುತ್ತದೆ, ಅದನ್ನು ಮನುಷ್ಯ ಹೇಗೆ ಕಂಡುಕೊಂಡ ಎಂಬುದು.

ಊರಿನಲ್ಲಿ ಮೊದಲ ಮಳೆ ಬಿದ್ದ ಸಂಜೆಯನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಿ. ಹುತ್ತದ ಬಾಯಿಂದ ರೆಕ್ಕೆಯ ಹುಳುಗಳು ಹೊಗೆಯಂತೆ ಏಳುತ್ತವೆ. ಕೆಲವು ಸೀಮೆಯಲ್ಲಿ ಈಸಲು ಎನ್ನುತ್ತಾರೆ, ಕೆಲವೆಡೆ ಮಳೆಹುಳು. ದೀಪದ ಕೆಳಗೆ ರೆಕ್ಕೆಗಳ ರಾಶಿ. ಅಂಗಳದ ಕೋಳಿಗೆ, ಗೋಡೆಯ ಹಲ್ಲಿಗೆ, ಮೂಲೆಯ ಕಪ್ಪೆಗೆ ಅಂದು ಹಬ್ಬ. ಮರುದಿನ ನೋಡಿದರೆ ಏನೂ ಇಲ್ಲ. ಹೊಳೆಯ ನೀರಿನಲ್ಲಿಯೂ ಇಂಥದೇ ಒಂದು ಹುಳುವೇಳುವ ಹೊತ್ತುಂಟು; ವರ್ಷಕ್ಕೊಮ್ಮೆಯಲ್ಲ, ಋತುವಿನುದ್ದಕ್ಕೂ ಒಂದು ಜಾತಿಯ ಹಿಂದೆ ಇನ್ನೊಂದು, ತನ್ನ ತನ್ನ ಗಳಿಗೆಗೆ ಏಳುತ್ತದೆ. ಟ್ರೌಟ್ ಹಿಡಿಯುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಈ ಪಂಚಾಂಗವನ್ನು ಓದುವುದೇ ಆಗಿದೆ.

ನಮ್ಮ ಕಾವೇರಿಯ ಬಿಳಿಮೀನು, ಎಂದರೆ ಮಹಶೀರ್, ರಾಗಿ ಹಿಟ್ಟಿನ ಉಂಡೆಗೂ ಬಾಯಿ ಹಾಕುತ್ತದೆ. ಭೀಮೇಶ್ವರಿಯ ಕಡೆ ಗಾಳಗಾರರು ಅದನ್ನೇ ಬಳಸುತ್ತಿದ್ದರು. ಟ್ರೌಟಿನ ಸ್ವಭಾವ ಬೇರೆ. ಒಂದು ಜಾತಿಯ ಹುಳು ದಟ್ಟವಾಗಿ ತೇಲಿ ಬರುತ್ತಿದ್ದಾಗ ಅದು ಆ ಒಂದನ್ನೇ ಆರಿಸಿ ಆರಿಸಿ ತಿನ್ನುತ್ತದೆ. ಪಕ್ಕದಲ್ಲಿ ಅದಕ್ಕಿಂತ ಕೊಬ್ಬಿದ ಹುಳು ತೇಲಿದರೂ ತಿರುಗಿ ನೋಡದು. ಇದನ್ನು ಮೀನಿನ ಜಾಣತನವೆಂದು ಹೊಗಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಮೀನು ಪಂಡಿತನಲ್ಲ, ಲೆಕ್ಕಿಗ. ಹರಿವ ನೀರಿಗೆ ಎದುರಾಗಿ ನಿಂತು ಒಂದೊಂದು ತುತ್ತಿಗೂ ಶಕ್ತಿಯ ವೆಚ್ಚ ಮಾಡಬೇಕು. ಕಣ್ಣಿಗೆ ಒಂದು ಆಕಾರ ಒಗ್ಗಿತೆಂದರೆ ಆ ಆಕಾರವನ್ನೇ ಹಿಡಿಯುತ್ತ ಹೋಗುವುದು ಅದಕ್ಕೆ ಅಗ್ಗ.

ಗಾಳಕ್ಕೆ ಉಣ್ಣೆ, ಗರಿ ಕಟ್ಟಿ ಹುಳುವೆಂದು ನಂಬಿಸುವ ಉಪಾಯ ಬಹಳ ಹಳೆಯದು. ಮ್ಯಾಸಿಡೋನಿಯದ ಜನ ಕೆಂಪು ಉಣ್ಣೆ ಸುತ್ತಿ, ಕೋಳಿಗರಿ ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ಈಲಿಯನ್ ಎಂಬ ರೋಮನ್ ಗ್ರಂಥಕರ್ತ ಸುಮಾರು 1,800 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಇಂಗ್ಲೆಂಡಿನಲ್ಲಿ 1496ರಲ್ಲಿ ಅಚ್ಚಾದ ಗಾಳದ ಪುಸ್ತಕವೊಂದರಲ್ಲಿ ಹನ್ನೆರಡು ಹುಸಿಹುಳುಗಳನ್ನು ತಿಂಗಳ ಲೆಕ್ಕದಲ್ಲಿ ವಿವರಿಸಿದೆ. ಆದರೆ ಶಾಸ್ತ್ರವೆನ್ನುವ ಮಟ್ಟಕ್ಕೆ ಇದನ್ನು ತಂದವನು ಆಲ್ಫ್ರೆಡ್ ರೊನಾಲ್ಡ್ಸ್. ಈತ ಸ್ಟಾಫರ್ಡ್‌ಶೈರಿನ ಬ್ಲೈದ್ ಹೊಳೆಯ ದಡದಲ್ಲಿ ಒಂದು ಗುಡಿಸಿಲು ಕಟ್ಟಿಕೊಂಡು, ಒಳಗೆ ಕುಳಿತು, ಟ್ರೌಟ್ ಏನು ಮಾಡುತ್ತದೆಂದು ನೋಡುತ್ತಿದ್ದ. ಸತ್ತ ನೊಣಗಳಿಗೆ ಜೇನು ಸವರಿ, ಖಾರದ ಪುಡಿ, ಸಾಸಿವೆ ಬಳಿದು ತೇಲಿಬಿಟ್ಟ. ಮೀನು ಅವನ್ನೂ ತಿಂದಿತು. ದಡದಲ್ಲಿ ಬಂದೂಕು ಹಾರಿಸಿದರೂ ಕದಲಲಿಲ್ಲ. ಅಂತೂ ರುಚಿಯಲ್ಲ, ಸದ್ದಲ್ಲ, ಕಣ್ಣೇ ಪ್ರಧಾನ ಎಂದು ಅವನಿಗೆ ಖಚಿತವಾಯಿತು. 1836ರಲ್ಲಿ ಅವನು ಪ್ರಕಟಿಸಿದ ಪುಸ್ತಕದಲ್ಲಿ ನಿಜವಾದ ಹುಳುವಿನ ಬಣ್ಣದ ಚಿತ್ರ, ಅದರ ಪಕ್ಕದಲ್ಲಿ ಅದಕ್ಕೆ ಸರಿಹೊಂದುವ ಹುಸಿಹುಳು. ಗಾಳಗಾರ ಕೀಟಶಾಸ್ತ್ರದ ವಿದ್ಯಾರ್ಥಿಯಾದದ್ದು ಅಲ್ಲಿಂದ.

ಇನ್ನು ಹುಳುವಿನ ಕಥೆ. ಇದರಲ್ಲಿ ಮುಖ್ಯ ಪಾತ್ರ ಮೇಫ್ಲೈ ಎಂಬುದರದು. ಇದರ ಮೊಟ್ಟೆ ನೀರಿನ ತಳಕ್ಕೆ ಇಳಿಯುತ್ತದೆ. ಅದರಿಂದ ಹೊರಟ ಮರಿಯನ್ನು ನಿಂಫ್ ಎನ್ನುತ್ತಾರೆ. ಇಂಗ್ಲೆಂಡಿನ ದೊಡ್ಡ ಮೇಫ್ಲೈಯ ನಿಂಫ್ ಹೊಳೆಯ ಹೂಳಿನಲ್ಲಿ ಬಿಲ ತೋಡಿಕೊಂಡು ಒಂದೆರಡು ವರ್ಷ ಕಳೆಯುತ್ತದೆ. ಕಾಲ ಕೂಡಿ ಬಂದಾಗ ಮೇಲಕ್ಕೆ ಈಜಿ ಬರುತ್ತದೆ. ನೀರಿನ ಮೈಯಲ್ಲಿ ಬೆನ್ನಿನ ಚರ್ಮ ಬಿರಿದು ರೆಕ್ಕೆಯ ಹುಳು ಹೊರಬರುತ್ತದೆ. ಇದು ಡನ್, ಮಂಕು ಬಣ್ಣ, ಮಬ್ಬು ರೆಕ್ಕೆ. ರೆಕ್ಕೆ ಒಣಗುವವರೆಗೆ ಪುಟ್ಟ ಹಾಯಿದೋಣಿಯಂತೆ ತೇಲಿ, ಆಮೇಲೆ ದಡದ ಗಿಡಕ್ಕೆ ಹಾರುತ್ತದೆ. ಅಲ್ಲಿ ಮತ್ತೊಮ್ಮೆ ಪೊರೆ ಕಳಚುತ್ತದೆ. ಹಾರಬಲ್ಲ ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಕೀಟ ಇದೊಂದೇ. ಈಗ ಅದರ ಹೆಸರು ಸ್ಪಿನ್ನರ್; ರೆಕ್ಕೆ ಗಾಜಿನಂತೆ ನಿರ್ಮಲ. ಉಣ್ಣಲು ಅದಕ್ಕೆ ಬಾಯಿಯೇ ಸರಿಯಾಗಿಲ್ಲ. ನೀರಿನ ಮೇಲೆ ಹಿಂಡುಹಿಂಡಾಗಿ ಕುಣಿದು, ಜೊತೆಗೂಡಿ, ಹೆಣ್ಣು ಮೊಟ್ಟೆಯಿಟ್ಟು, ರೆಕ್ಕೆ ಚಾಚಿ ನೀರಿನ ಮೇಲೆ ಬಿದ್ದು ಸಾಯುತ್ತದೆ. ರೆಕ್ಕೆ ಬಂದ ಮೇಲಿನ ಬಾಳು ಒಂದೆರಡು ದಿನ.

ಆದಕಾರಣ ಒಂದೇ ಹುಳು ಮೀನಿಗೆ ಮೂರು ಬೇರೆ ಬೇರೆ ಊಟ. ನೀರೊಳಗೆ ಏರುತ್ತಿರುವ ನಿಂಫನ್ನು ಹಿಡಿಯುವಾಗ ನೀರಿನ ಮೈ ಉಬ್ಬುತ್ತದೆ, ಕೆಲವೊಮ್ಮೆ ಬಾಲದ ತುದಿ ಕಾಣುತ್ತದೆ, ಬಾಯಿ ಕಾಣದು. ತೇಲುವ ಡನ್ ಹಿಡಿದರೆ ಉಂಗುರ ಏಳುತ್ತದೆ, ಒಂದು ಗುಳ್ಳೆ ಉಳಿಯುತ್ತದೆ. ಮೇಲಿನ ಗಾಳಿಯನ್ನೂ ಮೀನು ನುಂಗಿದ್ದರ ಗುರುತು ಅದು. ಸತ್ತ ಸ್ಪಿನ್ನರಿಗೆ ಅವಸರವೇ ಇಲ್ಲ, ಅದೆಲ್ಲಿಗೂ ಹಾರಿಹೋಗದಲ್ಲ! ಬಿಸಿ ಕಾಫಿಯನ್ನು ತುಟಿಯಂಚಿನಲ್ಲಿ ಹೀರಿದ ಹಾಗೆ ಒಂದು ಸಣ್ಣ ಸದ್ದು, ಅಷ್ಟೆ. ಬಲ್ಲವನು ಗಾಳ ಹಾಕುವ ಮುನ್ನ ಈ ಉಂಗುರಗಳನ್ನೇ ಓದುತ್ತಾನೆ.

ಇದೇ ವಿಷಯದ ಮೇಲೆ ಇಂಗ್ಲೆಂಡಿನಲ್ಲಿ ಒಂದು ದೊಡ್ಡ ವ್ಯಾಜ್ಯವೇ ನಡೆಯಿತು. ಆ ದೇಶದ ದಕ್ಷಿಣದಲ್ಲಿ ಟೆಸ್ಟ್, ಇಚೆನ್ ಮುಂತಾದ ಹೊಳೆಗಳಿವೆ. ಸೀಮೆಸುಣ್ಣದ ಕಲ್ಲಿನ ನೆಲದಿಂದ ಒಸರಿ ಬರುವ ಈ ನೀರು ಗಾಜಿನಂತೆ ತಿಳಿ, ನಡೆ ಮಂದ. ಮೀನಿಗೆ ಹುಳುವನ್ನು ಪರೀಕ್ಷಿಸಲು ಬೇಕಾದಷ್ಟು ಪುರಸತ್ತು. ಫ್ರೆಡರಿಕ್ ಹಾಲ್‌ಫರ್ಡ್ ಎಂಬಾತ ಟೆಸ್ಟ್ ಹೊಳೆಯ ಹುಳುಗಳನ್ನು ಸಂಗ್ರಹಿಸಿ, ರೆಕ್ಕೆಯ ಬಣ್ಣ, ಕಾಲಿನ ಬಣ್ಣ, ಗಂಡು ಹೆಣ್ಣಿನ ಭೇದ ಎಲ್ಲವನ್ನೂ ಗುರುತಿಸಿ, ತೇಲುವ ಹುಸಿಹುಳುವಿನ ಶಾಸ್ತ್ರವನ್ನು 1886ರಲ್ಲಿ ಹೊರತಂದ. ಆತನ ಶಿಷ್ಯಪರಂಪರೆ ಬೆಳೆದು, ಮೀನು ಮೇಲೆ ಬಂದು ಉಣ್ಣುವುದನ್ನು ಕಂಡಲ್ಲದೆ ಗಾಳ ಹಾಕಕೂಡದು, ಹಾಕಿದರೂ ತೇಲುವುದನ್ನೇ ಹಾಕಬೇಕು ಎಂಬುದು ಮಡಿಯ ಕಟ್ಟಳೆಯಂತಾಯಿತು. ಜಿ. ಇ. ಎಮ್. ಸ್ಕ್ಯೂಸ್ ಲಂಡನ್ನಿನ ಒಬ್ಬ ವಕೀಲ. ವಕೀಲನಲ್ಲವೇ, ಸಾಕ್ಷಿ ಕೇಳಿದ. ಹಿಡಿದ ಮೀನಿನ ಗಂಟಲಿಗೆ ಒಂದು ಕಿರಿದಾದ ಉದ್ದನೆಯ ಚಮಚ ಇಳಿಸಿ, ಹೊಟ್ಟೆಯಲ್ಲಿದ್ದುದನ್ನು ಬಿಳಿಯ ತಟ್ಟೆಯ ನೀರಿನಲ್ಲಿ ಕದಡಿ ನೋಡಿದ. ಅಲ್ಲಿ ತೇಲುವ ಹುಳುವಿಗಿಂತ ನೀರೊಳಗಿನ ನಿಂಫುಗಳೇ ಹೆಚ್ಚು. ಹಾಗಾದರೆ ನಿಂಫನ್ನು ಅನುಕರಿಸುವುದು ಅಧರ್ಮ ಹೇಗಾದೀತು? 1910ರಲ್ಲಿ ಅವನು ಇದನ್ನು ಪುಸ್ತಕ ಮಾಡಿ ಕೇಳಿದ. ಹಾಲ್‌ಫರ್ಡ್ ಮುನಿದ, ಅವನು 1914ರಲ್ಲಿ ತೀರಿಕೊಂಡ ಮೇಲೂ ಅವನ ಅನುಯಾಯಿಗಳು ಬಿಡಲಿಲ್ಲ. 1938ರಲ್ಲಿ ಲಂಡನ್ನಿನ ಗಾಳಗಾರರ ಕ್ಲಬ್ಬಿನಲ್ಲಿ ಬಹಿರಂಗ ಚರ್ಚೆ ನಡೆದು, ಎಂಬತ್ತರ ಹೊಸ್ತಿಲಲ್ಲಿದ್ದ ಸ್ಕ್ಯೂಸ್ ಹೆಚ್ಚುಕಡಮೆ ಒಂಟಿಯಾಗಿ ನಿಂತ. 1883ರಿಂದ ತಾನು ಗಾಳ ಹಾಕುತ್ತಿದ್ದ ಇಚೆನ್ ತೀರವನ್ನು ಅವನು ಅದೇ ವರ್ಷ ಬಿಟ್ಟ. ಈಗ ಲೋಕದ ತುಂಬ ನಿಂಫಿನಿಂದ ಟ್ರೌಟ್ ಹಿಡಿಯುತ್ತಾರೆ. ನನ್ನ ಮತ ಸ್ಕ್ಯೂಸನ ಕಡೆಗೇ. ಮೀನಿನ ಹೊಟ್ಟೆಗಿಂತ ದೊಡ್ಡ ಪ್ರಮಾಣಗ್ರಂಥ ಈ ವಿಷಯದಲ್ಲಿ ಯಾವುದಿದೆ?

ಆದರೆ ಹಾಲ್‌ಫರ್ಡನ ಔದಾರ್ಯವನ್ನೂ ಹೇಳಬೇಕು. ಅಮೆರಿಕದ ಕ್ಯಾಟ್ಸ್‌ಕಿಲ್ ಬೆಟ್ಟಗಳಿಂದ ಥಿಯೊಡೋರ್ ಗಾರ್ಡನ್ ಎಂಬ ಅಪರಿಚಿತ ಪತ್ರ ಬರೆದಾಗ, 1890ರಲ್ಲಿ ತನ್ನ ಹುಸಿಹುಳುಗಳ ಒಂದು ಕಟ್ಟನ್ನೇ ಕಳಿಸಿಕೊಟ್ಟ. ಗಾರ್ಡನ್ ಅವುಗಳನ್ನು ತಲೆಯ ಮೇಲಿಟ್ಟುಕೊಂಡು ಪೂಜಿಸಲಿಲ್ಲ. ಅಮೆರಿಕದ ಹೊಳೆಯ ಹುಳು ಇಂಗ್ಲೆಂಡಿನ ಹುಳುವಲ್ಲ, ಅಲ್ಲಿಯ ನೀರಿನ ರಭಸವೂ ಬೇರೆ. ತನ್ನ ಹೊಳೆಯಲ್ಲಿ ಎದ್ದ ಹುಳುವನ್ನೇ ಹಿಡಿದು ನೋಡಿ ತನ್ನದೇ ಮಾದರಿಗಳನ್ನು ಕಟ್ಟಿದ. ಅವನ ಹೆಸರಿನದೊಂದು ಹುಸಿಹುಳು ಇಂದಿಗೂ ಪ್ರಸಿದ್ಧ. ಆ ನಾಡಿನ ಹುಳುಗಳನ್ನೆಲ್ಲ ಕೂಡಿಸಿ 1955ರಲ್ಲಿ ಅರ್ನೆಸ್ಟ್ ಶ್ವೀಬರ್ಟ್ ಎಂಬ ಇಪ್ಪತ್ತರ ಹರೆಯದ ತರುಣ ಪುಸ್ತಕ ಬರೆದ; ಎದ್ದ ಹುಳುವಿಗೆ ಹುಸಿಹುಳು ಜೋಡಿಸುವುದು ಎಂಬರ್ಥದ ಅದರ ಹೆಸರೇ ಈ ವಿದ್ಯೆಗೆ ಮನೆಮಾತಾಯಿತು.

ಇನ್ನು ನಮ್ಮ ದೇಶದ ಮಾತು. ಟ್ರೌಟ್ ಇಲ್ಲಿಯದಲ್ಲ. ಕಾಶ್ಮೀರಕ್ಕೆ 1899ರಲ್ಲಿ ಹಡಗಿನಲ್ಲಿ ಬಂದ ಮೊಟ್ಟೆಗಳು ಕೆಟ್ಟುಹೋದವು; 1900ರ ಪ್ರಯತ್ನ ಫಲಿಸಿತು. ಅಲ್ಲಿಂದ ಸುಮಾರು 1909ರಲ್ಲಿ ಕುಲ್ಲು ಕಣಿವೆಗೆ ಬಂತು. ನೀಲಗಿರಿಯಲ್ಲಿಯೂ ನೆಲೆಯೂರಿತು. ಮೀನು ಬಂತೇ ಹೊರತು ಅದರ ಹುಳು ಜೊತೆಯಲ್ಲಿ ಬರಲಿಲ್ಲ. ಪರಸ್ಥಳಕ್ಕೆ ಬಂದ ನಮ್ಮವರು ಅನ್ನ ಬಿಟ್ಟು ರೊಟ್ಟಿಗೆ ಒಗ್ಗಿದ ಹಾಗೆ, ಹಿಮಾಲಯದ ಹುಳುವಿಗೆ ಒಗ್ಗಿತು.

ಬಿಯಾಸ್, ತೀರ್ಥನ್ ನದಿಗಳು ರಭಸದವು. ಇಂಥ ನೀರಿನಲ್ಲಿ ಮೀನಿಗೆ ಕ್ಷಣಮಾತ್ರದ ಸಮಯ. ತಿನ್ನಬೇಕೋ ಬಿಡಬೇಕೋ ಅಷ್ಟರಲ್ಲೇ ನಿರ್ಧರಿಸಬೇಕು. ಆದ್ದರಿಂದ ಹಾಲ್‌ಫರ್ಡನ ಸೂಕ್ಷ್ಮ ಎಲ್ಲ ದಿನವೂ ಬೇಡ. ಆದರೆ ಹಿಮ ಕರಗಿ ಕದಡುವ ಮುನ್ನ ಮಾರ್ಚ್, ಏಪ್ರಿಲ್‌ನಲ್ಲಿ, ಮತ್ತೆ ಮಳೆ ನಿಂತು ತಿಳಿಯಾದ ಮೇಲೆ, ಮಡುಗಳಲ್ಲಿ ಮೀನು ಬಲು ನಾಜೂಕಾಗುತ್ತದೆ. ನನಗೆ ಕಲಿಸಿದವರು ಆ ಊರಿನ ಒಬ್ಬ ವೃದ್ಧರು. ಇಂಗ್ಲಿಷ್ ಪುಸ್ತಕ ಒಂದನ್ನೂ ಓದಿದವರಲ್ಲ. ಹೊಳೆಗೆ ಹೋದ ಕೂಡಲೇ, “ಬಾಬೂಜಿ, ಕೋಲು ಅಲ್ಲಿಡಿ, ಮೊದಲು ಕಲ್ಲು ಎತ್ತಿ ನೋಡಿ” ಎನ್ನುತ್ತಿದ್ದರು. ಕಲ್ಲಿನ ಅಡಿಯಲ್ಲಿ ಚಪ್ಪಟೆ ಮೈಯ ನಿಂಫುಗಳು. ಮರಳಿನ ಕಣಗಳನ್ನು ಅಂಟಿಸಿ ಕೊಳವೆ ಮನೆ ಕಟ್ಟಿಕೊಂಡ ಕ್ಯಾಡಿಸ್ ಹುಳು. ಬಂಡೆಯ ಮೇಲೆ ಸ್ಟೋನ್‌ಫ್ಲೈ ಬಿಟ್ಟುಹೋದ ಬರಿಯ ಪೊರೆ. ಇಷ್ಟು ನೋಡಿದರೆ ಇಂದಿನ ಅಡಿಗೆ ಏನೆಂದು ಅರ್ಧ ಗೊತ್ತಾಗುತ್ತದೆ. ಇನ್ನರ್ಧವನ್ನು ಹೇಳುವುದು ಜೇಡರ ಬಲೆ.

ಒಂದು ಸಂಜೆ ಗಾಳಿಯ ತುಂಬ ದೊಡ್ಡ ಕ್ಯಾಡಿಸ್ ಹಾರಾಡುತ್ತಿತ್ತು, ಮಡುವಿನಲ್ಲಿ ಮೀನು ಎಡೆಬಿಡದೆ ಉಂಗುರ ಬಿಡುತ್ತಿತ್ತು. ಯಾರಾದರೂ ಕ್ಯಾಡಿಸ್ ಮಾದರಿಯನ್ನೇ ಕಟ್ಟುವ ಸನ್ನಿವೇಶ. ವೃದ್ಧರು ಸೇತುವೆಯ ಕಂಬಿಗೆ ಕಟ್ಟಿದ ಜೇಡರ ಬಲೆಯ ಬಳಿ ನನ್ನನ್ನು ಕರೆದೊಯ್ದು ತೋರಿಸಿದರು. ಅದರಲ್ಲಿ ನೂರಾರು ಸಣ್ಣ ಕಂದು ಹುಳುಗಳು, ರೆಕ್ಕೆ ಗಾಜಿನಂತೆ. ಕ್ಯಾಡಿಸ್ ಕಣ್ಣಿಗೆ ಬಿದ್ದದ್ದು ಗಾತ್ರದಿಂದ. ಮೀನು ತಿನ್ನುತ್ತಿದ್ದುದು ಮೊಟ್ಟೆಯಿಟ್ಟು ಬಿದ್ದ ಈ ಸ್ಪಿನ್ನರುಗಳನ್ನು. ಗಾಳದ ಅಂಕೆ ಹೆಚ್ಚಿದಷ್ಟೂ ಗಾಳ ಸಣ್ಣದು. ಹದಿನೆಂಟನೆಯ ಅಂಕೆಯ, ಅಕ್ಕಿಕಾಳಿನಷ್ಟು ಗಾಳಕ್ಕೆ ಕಂದು ರೇಷ್ಮೆ ಸುತ್ತಿದ ಒಂದನ್ನು ಕಟ್ಟಿದೆವು. ಮೂರನೆಯ ಎಸೆತಕ್ಕೆ ಕಾಫಿ ಹೀರಿದ ಆ ಸದ್ದು ಬಂತು.

ಮಾದರಿ ಆರಿಸುವಾಗ ಮೊದಲು ಗಾತ್ರ ನೋಡಬೇಕು, ಆಮೇಲೆ ಹುಳುವಿನ ಅವಸ್ಥೆ ಮತ್ತು ಆಕಾರ. ಬಣ್ಣಕ್ಕೆ ಕೊನೆಯ ಸ್ಥಾನ. ಅಂಗಡಿಯವರು ಇದನ್ನು ತಲೆಕೆಳಗು ಮಾಡಿ ಹೇಳುತ್ತಾರೆ, ಬಣ್ಣ ಮಾರಾಟವಾಗುತ್ತದಲ್ಲ! ಎಲ್ಲಕ್ಕಿಂತ ಮಿಗಿಲಾಗಿ, ನೂಲು ಪ್ರವಾಹಕ್ಕೆ ಸಿಕ್ಕು ಹುಸಿಹುಳುವನ್ನು ಎಳೆಯಬಾರದು. ನಿಜವಾದ ಹುಳು ನೀರಿನ ಜೊತೆಗೆ ಹೋಗುತ್ತದೆ, ಅಡ್ಡ ಓಡುವುದಿಲ್ಲ.

ಬಣ್ಣದ ಮಾತು ಬಂದದ್ದರಿಂದ ನಮ್ಮ ಸಹ್ಯಾದ್ರಿಯ ಕಾಡುಕೋಳಿಯನ್ನು ನೆನೆಯಬೇಕು. ಅದರ ಕುತ್ತಿಗೆಯ ಗರಿಯಲ್ಲಿ ಅರಗು ತೊಟ್ಟಿಕ್ಕಿದಂಥ ಹೊಳೆವ ಚುಕ್ಕೆಗಳಿವೆ. ಒಂದು ಕಾಲಕ್ಕೆ ಈ ಗರಿ ಇಂಗ್ಲೆಂಡಿಗೆ ಹೇರಳವಾಗಿ ಹೋಗುತ್ತಿತ್ತು. ಸಾಲ್ಮನ್ ಮೀನಿನ ಗಾಳಕ್ಕೆ ಅದಿಲ್ಲದೆ ಶೋಭೆಯಿಲ್ಲ. ಈಗ ನಮ್ಮ ಕಾಡುಕೋಳಿಗೆ ಕಾನೂನಿನ ರಕ್ಷಣೆಯುಂಟು, ಆ ವ್ಯಾಪಾರ ನಿಂತಿದೆ. ವಿನೋದವೇನೆಂದರೆ, ಸಮುದ್ರದಿಂದ ಹೊಳೆಗೆ ಬಂದ ಸಾಲ್ಮನ್ ಊಟವನ್ನೇ ಮಾಡುವುದಿಲ್ಲ. ಅದನ್ನು ಕೆಣಕಲು ಆಡಂಬರದ ಗರಿ ಬೇಕು. ಉಣ್ಣುವ ಟ್ರೌಟಿಗೆ ಮೊಲದ ಕಿವಿಯ ಕೂದಲು, ಹುಂಜದ ಬೂದುಗರಿ ಸಾಕು.

ಇಷ್ಟೆಲ್ಲ ಶಾಸ್ತ್ರ ಒಂದು ಬಡಜೀವವನ್ನು ಮೋಸಗೊಳಿಸಲಿಕ್ಕೇ ಎಂದು ತಾಯಂದಿರು ಕೇಳುವುದು ನನಗೆ ಕಾಣುತ್ತಿದೆ. ಪ್ರಶ್ನೆ ನ್ಯಾಯವಾದುದೇ. ಮುಳ್ಳಿಲ್ಲದ ಗಾಳ ಬಳಸಿ, ಮೀನನ್ನು ನೀರಿನಿಂದ ಎತ್ತದೆ ಬಿಟ್ಟುಬಿಡುವವರು ಈಗ ಬಹಳ ಮಂದಿ, ನಾನೂ ಅವರಲ್ಲೊಬ್ಬ. ಅದರಿಂದ ಮೀನಿಗೆ ನೋವಿಲ್ಲವೆಂದು ನಾನು ವಾದಿಸಲಾರೆ. ಆದರೆ ಇದೇ ಜನ ಮಾಡಿದ ಇನ್ನೊಂದು ಕೆಲಸವನ್ನು ಹೇಳಲು ಅನುಮತಿ ಕೊಡಿ.

ಈ ಹುಳುಗಳಿಗೆ ಶುದ್ಧವಾದ, ಪ್ರಾಣವಾಯು ತುಂಬಿದ ನೀರು ಬೇಕು. ಹೊಲಸು ಸೇರಿದರೆ ಮೀನಿಗಿಂತ ಮೊದಲು ಇವೇ ಕಾಣೆಯಾಗುವುದುಂಟು. ಬ್ರಿಟನ್ನಿನಲ್ಲಿ 2007ರಿಂದ ಗಾಳಗಾರರಿಗೆ ತರಬೇತಿ ಕೊಟ್ಟು, ತಿಂಗಳಿಗೊಮ್ಮೆ ಹೊಳೆಯ ತಳವನ್ನು ಕಾಲಿನಿಂದ ಕದಡಿ, ಜಾಲರಿಗೆ ಬಿದ್ದ ಹುಳುಗಳನ್ನು ಎಣಿಸುವ ಏರ್ಪಾಡು ನಡೆದಿದೆ. 2013ರ ಜುಲೈ ಮೊದಲಲ್ಲಿ ಮಾರ್ಲ್‌ಬರೊ ಪಟ್ಟಣದ ಕೆಳಗೆ ಕೆನೆಟ್ ಹೊಳೆಯಲ್ಲಿ ಹೀಗೆ ಎಣಿಸಲು ಹೋದವರ ತಟ್ಟೆಯಲ್ಲಿ ಜೀವವಿರಲಿಲ್ಲ. ನೀರು ಎಂದಿನಂತೆ ತಿಳಿಯಾಗಿತ್ತು. ಟ್ರೌಟ್ ಎಂದಿನಂತೆ ಪ್ರವಾಹಕ್ಕೆ ಮುಖ ಮಾಡಿ ನಿಂತಿತ್ತು. ದಡದ ಮೇಲೆ ನಡೆದುಹೋಗುವವನಿಗೆ ಏನೂ ತಿಳಿಯುವಂತಿರಲಿಲ್ಲ. ಅವರು ಒಡನೆಯೇ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದರು. ಪರೀಕ್ಷೆಯಲ್ಲಿ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಸಿಕ್ಕಿತು. ಒಳಚರಂಡಿಯ ಮೂಲಕ ಹೊಳೆಗೆ ಬಂದದ್ದು. ಚಮಚಗಳಲ್ಲಿ ಅಳೆಯುವಷ್ಟು ಅಲ್ಪ ಪ್ರಮಾಣವೇ ಸಾಕಾಗಿತ್ತು ಎಂದು ಲೆಕ್ಕ ಹಾಕಿದರು. ಸುಮಾರು 15 ಕಿಲೋಮೀಟರು ಉದ್ದಕ್ಕೆ ಹುಳು, ಸಿಗಡಿಗಳು ಸತ್ತಿದ್ದವು. ಆಮೇಲಿನ ತಿಂಗಳುಗಳಲ್ಲಿ ಅದೇ ಜನ ಅದೇ ಜಾಗಕ್ಕೆ ತಟ್ಟೆ, ಜಾಲರಿ ಹಿಡಿದು ಹೋಗುತ್ತಲೇ ಇದ್ದರು. ಹುಳುಗಳು ಒಂದೊಂದಾಗಿ ಮೇಲಿನ ಹೊಳೆಯಿಂದ ತೇಲಿ ಬಂದು ಮತ್ತೆ ನೆಲೆಸಿದವು.

 ಕಾಫಿ ಸಿದ್ಧವಾಗಿದೆಯೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ.